ಇಬ್ನ್ ಬತೂತಾ ಉಂಡ ನಮ್ಮ ಕರಾವಳಿಯ ಅನ್ನ

ಮಂಗಳೂರಿನ ಹೋಟೆಲುಗಳಲ್ಲಿ ಈಗ ಎಲ್ಲಿ ನೋಡಿದರೂ ಮಂದಿ ಬಿರಿಯಾನಿ, ಅಲ್ಫಾಮ್, ಶವರ್ಮಾ ಬೋರ್ಡು. ತಪ್ಪೇನಿಲ್ಲ, ನಾವೂ ತಿನ್ನುತ್ತೇವೆ. ಆದರೆ ಸುಮಾರು 680 ವರ್ಷಗಳ ಹಿಂದೆ ಅರಬಿ ಮಾತಾಡುವ ಒಬ್ಬ ಮುಸಾಫಿರ್ ಈ ಕರಾವಳಿಗೆ ಬಂದು, ನಮ್ಮ ಅನ್ನ ಉಂಡು, ಅದನ್ನು ಬರೆಸಿಟ್ಟು ಹೋದದ್ದು ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತುಂಟು?

ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊದ ತಂಜಾ ಪಟ್ಟಣದ ಖಾಝಿಗಳ ಮನೆತನದಲ್ಲಿ. 1325ರಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟವರು ಸ್ವದೇಶಕ್ಕೆ ಮರಳಿದ್ದು 24 ವರ್ಷಗಳ ನಂತರ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಅವರನ್ನು ಖಾಝಿ ಮಾಡಿದ, 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಗುಜರಾತಿನಲ್ಲಿ ಹಡಗು ಹತ್ತಿ ಹೊನ್ನಾವರ, ಬಾರ್ಕೂರು ದಾಟಿ ಅವರು ಮಂಗಳೂರು ಮುಟ್ಟಿದರು.

ಆಗ ಇಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಪಾರಸಿ ನಾಡಿನ, ಯಮನಿನ ವ್ಯಾಪಾರಿಗಳು ಇಳಿಯುತ್ತಿದ್ದ ರೇವು. ಕಾಳುಮೆಣಸು, ಶುಂಠಿ ಯಥೇಚ್ಛ. ಊರವರಿಗೂ ಮುಸ್ಲಿಮರಿಗೂ ಆಗಾಗ ಜಗಳವಾಗುತ್ತಿತ್ತು. ವ್ಯಾಪಾರಿಗಳು ಬೇಕಲ್ಲ, ಹಾಗಾಗಿ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಬದ್ರುದ್ದೀನ್ ಎಂಬ ಶಾಫಿ ಖಾಝಿಯವರು ಇಲ್ಮ್ ಕಲಿಸುತ್ತಿದ್ದರು. ಅವರೇ ಹಡಗಿಗೆ ಹೋಗಿ ಅತಿಥಿಯನ್ನು ಕರೆದರು. ಅರಸ ತನ್ನ ಮಗನನ್ನು ಒತ್ತೆಯಾಗಿ ಕಳಿಸುವ ತನಕ ಅತಿಥಿ ಇಳಿಯಲಿಲ್ಲ! ಇಳಿದ ಮೇಲೆ ಮೂರು ದಿನ ಮರ್ಯಾದೆಯ ಸತ್ಕಾರವಾಯಿತು.

ನಮಗೆ ಮುಖ್ಯ ಅನಿಸುವುದು ದಾರಿಯ ಸಂಗತಿ. ಗೋವಾದಿಂದ ಕೊಲ್ಲಂವರೆಗೆ ಅರ್ಧರ್ಧ ಮೈಲಿಗೆ ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ. ಮುಸ್ಲಿಮನಿಗೆ ಪಾತ್ರೆ ಕೊಡುತ್ತಿರಲಿಲ್ಲ, ಬೊಗಸೆಗೆ ಹೊಯ್ಯುತ್ತಿದ್ದರು, ಸಾಕೆನ್ನುವ ತನಕ. ಮುಟ್ಟು-ಮೈಲಿಗೆ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಬಾಯಾರಿ ಬಂದವನನ್ನು ಅಟ್ಟಲಿಲ್ಲ. ಮುಸ್ಲಿಮರಿಲ್ಲದ ಊರಲ್ಲಿ ಬಾಳೆ ಎಲೆಯಲ್ಲಿ ಅನ್ನ ಸಿಗುತ್ತಿತ್ತು. ತಂಗುವ ಊರುಗಳಲ್ಲಿ ಮುಸ್ಲಿಮರ ಮನೆಗಳಿದ್ದವು: ಮುಸಾಫಿರರು ಅಲ್ಲೇ ಇಳಿದು, ಬೇಕಾದ್ದನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು, ಮನೆಯವರು ಅಡುಗೆ ಮಾಡಿಕೊಡುತ್ತಿದ್ದರು. ಇವರಿಲ್ಲದಿದ್ದರೆ ಮುಸ್ಲಿಮನಿಗೆ ಈ ನಾಡಿನಲ್ಲಿ ಪ್ರಯಾಣವೇ ಸಾಧ್ಯವಿರಲಿಲ್ಲ ಎಂದು ಅವರು ಬರೆಸಿದ್ದಾರೆ. ನಮ್ಮವರ ಹೋಟೆಲ್ ಕಸುಬಿನ ಬೇರು ಹುಡುಕುವವರು ಈ ಮನೆಗಳಿಂದ ಶುರು ಮಾಡಲಿ.

ಹೊನ್ನಾವರದ ಸುಲ್ತಾನ್ ಜಮಾಲುದ್ದೀನರ ಊಟವನ್ನಂತೂ ಎದುರಿಗೆ ಬಡಿಸಿದ ಹಾಗೆ ಹೇಳಿದ್ದಾರೆ. ತಾಮ್ರದ ತಟ್ಟೆಗೆ ಅನ್ನ, ಮೇಲೆ ತುಪ್ಪ, ಜೊತೆಗೆ ಕಾಳುಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮತ್ತೆ ಅನ್ನ. ಮೀನು, ಮತ್ತೆ ಅನ್ನ. ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮೊಸರು. (ಅದೇ ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳಿದ್ದವು, ಇದನ್ನೂ ನೆನಪಿಡಬೇಕು.) ರೊಟ್ಟಿಯ ನಾಡಿನವರು ಅಲ್ಲಿ 11 ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ. ಮುಂದೆ ಮಾಲ್ದೀವ್ಸ್, ಸಿಲೋನ್‌ಗಳಲ್ಲೂ ಅನ್ನವೇ. ಕಡೆಕಡೆಗೆ ನೀರು ಕುಡಿದು ನುಂಗುವ ಸ್ಥಿತಿ ಪಾಪ!

ಕಲ್ಲಿಕೋಟೆಯಲ್ಲಿ ಜುಮಾ ನಮಾಝಿಗೆಂದು ದಡದಲ್ಲಿ ಉಳಿದದ್ದರಿಂದ ಜೀವ ಉಳಿಯಿತು; ಚಕ್ರವರ್ತಿಯ ಉಡುಗೊರೆ ಹೊತ್ತ ಹಡಗು ಬಿರುಗಾಳಿಗೆ ಒಡೆಯಿತು. 1349ರಲ್ಲಿ ಸ್ವದೇಶ ಸೇರುವಾಗ ತಾಯಿ ತೀರಿಹೋಗಿದ್ದರು. ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ಹೇಳಿ ಬರೆಸಿದ ರಿಹ್ಲಾ ಮುಗಿದದ್ದು 1355ರಲ್ಲಿ. ಹೊನ್ನಾವರದ ಉಪ್ಪಿನಕಾಯಿಯನ್ನೂ ಮರೆಯದ ಮನುಷ್ಯ, ಮಂಗಳೂರಿನ ಆ ಮೂರು ದಿನ ಎಲೆಗೆ ಏನೇನು ಬಿತ್ತೆಂದು ಮಾತ್ರ ಅದರಲ್ಲಿ ಹೇಳಿಲ್ಲ.