ಬರ್ನಾರ್ಡಿನೊ ರಾಮಜ್ಜಿನಿ

ಬರ್ನಾರ್ಡಿನೊ ರಾಮಜ್ಜಿನಿ (1633–1714) ಇಟಲಿಯ ವೈದ್ಯರು ಮತ್ತು ಪ್ರಾಧ್ಯಾಪಕರು. ಇವರನ್ನು ವೃತ್ತಿಸಂಬಂಧಿ ವೈದ್ಯಶಾಸ್ತ್ರದ ಪಿತಾಮಹರೆಂದು ಪರಿಗಣಿಸಲಾಗುತ್ತದೆ. ಕುಳಿತು ಬರೆಯುವವರ ದೇಹಬಾಧೆಗಳನ್ನು ಕ್ರಮಬದ್ಧವಾಗಿ ವಿವರಿಸಿದ್ದರಿಂದ ಎರ್ಗೊನಾಮಿಕ್ಸ್ ಶಾಸ್ತ್ರದ ಇತಿಹಾಸದಲ್ಲಿಯೂ ಇವರಿಗೆ ಮಹತ್ವದ ಸ್ಥಾನವಿದೆ.

ಜನನ ಮತ್ತು ಶಿಕ್ಷಣ

ರಾಮಜ್ಜಿನಿಯವರು ಉತ್ತರ ಇಟಲಿಯ ಕಾರ್ಪಿ ಎಂಬ ಊರಿನಲ್ಲಿ ಜನಿಸಿದರು. ಪಾರ್ಮಾ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿ 1659ರಲ್ಲಿ ಪದವಿ ಪಡೆದರು. ರೋಮ್ ಸಮೀಪದ ಪ್ರದೇಶದಲ್ಲಿ ವೈದ್ಯರಾಗಿದ್ದಾಗ ಮಲೇರಿಯಾ ಪೀಡಿತರಾಗಿ ಹುಟ್ಟೂರಿಗೆ ಮರಳಿದರು.

ವೃತ್ತಿಜೀವನ

1671ರಲ್ಲಿ ಮೊಡೆನಾ ನಗರದಲ್ಲಿ ನೆಲೆಸಿದ ಇವರು, 1682ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ತಮ್ಮ ಮನೆಯ ಮಲಗುಂಡಿಯನ್ನು ಶುಚಿಗೊಳಿಸುತ್ತಿದ್ದ ಕೆಲಸಗಾರನೊಬ್ಬನ ಆತುರವನ್ನು ಕಂಡು ಕಾರಣ ವಿಚಾರಿಸಿದಾಗ, ಅಲ್ಲಿ ಹೆಚ್ಚು ಹೊತ್ತು ನಿಂತರೆ ದೃಷ್ಟಿಗೆ ಹಾನಿಯಾಗುವುದೆಂಬ ಸಂಗತಿ ತಿಳಿಯಿತು. ಈ ಘಟನೆಯೇ ಕಾರ್ಮಿಕರ ರೋಗಗಳ ಅಧ್ಯಯನಕ್ಕೆ ಪ್ರೇರಣೆಯಾಯಿತು. ಇವರು ಕಾರ್ಯಾಗಾರಗಳಿಗೆ ಸ್ವತಃ ಹೋಗಿ ಕೆಲಸಗಾರರೊಡನೆ ಮಾತನಾಡಿ ಮಾಹಿತಿ ಸಂಗ್ರಹಿಸಿದರು. ರೋಗಿಯ ಉದ್ಯೋಗವನ್ನು ವೈದ್ಯನು ತಪ್ಪದೆ ಕೇಳಬೇಕೆಂಬುದು ಇವರ ಮುಖ್ಯ ಬೋಧನೆ. 1700ರಲ್ಲಿ ಪಾದುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಪ್ರಮುಖ ಕೃತಿ

ಲ್ಯಾಟಿನ್ ಭಾಷೆಯ ಡಿ ಮಾರ್ಬಿಸ್ ಆರ್ಟಿಫಿಕಮ್ ಡಯಾಟ್ರಿಬಾ ಎಂಬ ಕೃತಿಯು 1700ರಲ್ಲಿ ಪ್ರಕಟವಾಯಿತು. ಕಾರ್ಮಿಕರ ರೋಗಗಳ ವಿವೇಚನೆ ಎಂಬುದು ಈ ಹೆಸರಿನ ಅರ್ಥ. ಇದರ ವಿಸ್ತೃತ ಆವೃತ್ತಿ 1713ರಲ್ಲಿ ಹೊರಬಂದಿತು.

ಬರಹಗಾರರು ಹಾಗೂ ಗುಮಾಸ್ತರ ಬಾಧೆಗಳಿಗೆ ರಾಮಜ್ಜಿನಿ ಮೂರು ಕಾರಣಗಳನ್ನು ಗುರುತಿಸಿದರು: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಚಲಿಸುವುದು ಮತ್ತು ತಪ್ಪಾಗದಂತೆ ಬರೆಯಬೇಕೆಂಬ ಮಾನಸಿಕ ಒತ್ತಡ. ಬರೆದು ಬರೆದು ಬಲಗೈಯ ಸ್ವಾಧೀನ ಕಳೆದುಕೊಂಡ ಒಬ್ಬ ವ್ಯಕ್ತಿ ಎಡಗೈಯಲ್ಲಿ ಬರೆಯಲು ಕಲಿತನು. ಸ್ವಲ್ಪ ಕಾಲದಲ್ಲಿಯೇ ಆ ಕೈಗೂ ಅದೇ ಬಾಧೆ ತಗುಲಿತು. ದೋಷವಿದ್ದದ್ದು ಕೈಯಲ್ಲಲ್ಲ, ಕೆಲಸದ ರೀತಿಯಲ್ಲಿ ಎಂಬುದಕ್ಕೆ ಇವರು ದಾಖಲಿಸಿದ ಈ ಪ್ರಕರಣವು ಉತ್ತಮ ನಿದರ್ಶನವಾಗಿದೆ. ಕುಳಿತು ದುಡಿಯುವವರು ರಜಾದಿನಗಳಲ್ಲಾದರೂ ವ್ಯಾಯಾಮ ಮಾಡಬೇಕೆಂದು ಇವರು ಸಲಹೆ ನೀಡಿದರು.

ನಿಧನ

ಇಳಿವಯಸ್ಸಿನಲ್ಲಿ ದೃಷ್ಟಿ ಕ್ಷೀಣಿಸಿದರೂ ಬೋಧನೆಯನ್ನು ಮುಂದುವರಿಸಿದ ರಾಮಜ್ಜಿನಿಯವರು 1714ರ ನವೆಂಬರ್ 5ರಂದು ಪಾದುವಾದಲ್ಲಿ ನಿಧನರಾದರು.

ಪ್ರಭಾವ

ಆಸನದ ಎತ್ತರ, ಕುಳಿತುಕೊಳ್ಳುವ ಭಂಗಿ, ನಡುನಡುವೆ ವಿರಾಮ ಮೊದಲಾದವುಗಳ ಬಗ್ಗೆ ಇಂದು ಕಚೇರಿ ನೌಕರರಿಗೆ ನೀಡುವ ತರಬೇತಿಯು, ಕೆಲಸದ ರೀತಿಯೇ ದೇಹವನ್ನು ಬಾಧಿಸಬಲ್ಲದು ಎಂಬ ಇದೇ ತಿಳಿವಳಿಕೆಯನ್ನು ಆಧರಿಸಿದೆ. ಗಣಕಯಂತ್ರದ ಮುಂದೆ ದುಡಿಯುವವರ ಕುತ್ತಿಗೆ, ಬೆನ್ನು ಹಾಗೂ ಮಣಿಕಟ್ಟಿನ ನೋವುಗಳನ್ನು ಚರ್ಚಿಸುವಾಗ ಇವರ ಕೃತಿಯನ್ನು ಈಗಲೂ ಸ್ಮರಿಸಲಾಗುತ್ತದೆ.