ಸರಾಸರಿಯನ್ನು ಒರೆಗೆ ಹಚ್ಚಿದ ಸರ್ ರೊನಾಲ್ಡ್ ಫಿಶರ್

ಮೂರು ತಂಡಗಳ ಮಕ್ಕಳಿಗೆ ಒಂದೇ ಪಾಠವನ್ನು ಮೂರು ಬಗೆಯಲ್ಲಿ ಕಲಿಸಿದೆವೆಂದಿಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ತಂಡಗಳ ಸರಾಸರಿ ಅಂಕ 12, 14, 16 ಬಂದುವು. ಮೂರನೆಯ ಬಗೆಯೇ ಮೇಲೆಂದು ಸಾರಿಬಿಡಬಹುದೇ? ಅವಸರ ಕೂಡದೆಂದು ಲೆಕ್ಕ ಸಹಿತ ತೋರಿಸಿಕೊಟ್ಟವರು ಸರ್ ರೊನಾಲ್ಡ್ ಫಿಶರ್.

1890ರ ಫೆಬ್ರವರಿ 17ರಂದು ಲಂಡನಿನಲ್ಲಿ ಜನಿಸಿದ ಫಿಶರರಿಗೆ ಎಳವೆಯಿಂದಲೇ ದೃಷ್ಟಿ ಮಂದ. ಕಣ್ಣಿಗೆ ಆಯಾಸವಾಗದಂತೆ ಕಾಗದ ಪೆನ್ಸಿಲುಗಳಿಲ್ಲದೆ ಗಣಿತ ಕಲಿತರು. ಕ್ಲಿಷ್ಟ ಲೆಕ್ಕಗಳನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುವ ಶಕ್ತಿ ಹಾಗೆ ಬೆಳೆಯಿತು. ಕೇಂಬ್ರಿಜ್ ಪದವೀಧರರಾದರೂ ಕಣ್ಣಿನ ದೋಷದಿಂದ ಸೇನೆಗೆ ಸಲ್ಲಲಿಲ್ಲ. ಒಂದನೇ ಮಹಾಯುದ್ಧದ ವರ್ಷಗಳನ್ನು ಶಾಲಾ ಮಾಸ್ತರಿಕೆಯಲ್ಲಿ ಕಳೆದರು.

1919ರಲ್ಲಿ ರೋಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರ ಸೇರಿದರು. ಅಲ್ಲಿ 1843ರಿಂದ ಗೋಧಿಗೆ ಬಗೆಬಗೆಯ ಗೊಬ್ಬರ ಹಾಕಿ ಬರೆದಿಟ್ಟ ಲೆಕ್ಕಗಳು ರಾಶಿ ಬಿದ್ದಿದ್ದವು. ಫಸಲು ಹೆಚ್ಚಿದ್ದು ಗೊಬ್ಬರದಿಂದಲೋ, ಮಣ್ಣಿನ ಗುಣದಿಂದಲೋ? ಇದಕ್ಕುತ್ತರವಾಗಿ ಅವರು ರೂಪಿಸಿದ್ದೇ ಅನಾಲಿಸಿಸ್ ಆಫ್ ವೇರಿಯನ್ಸ್, ಅಂದರೆ ಚದರಿಕೆಯ ವಿಶ್ಲೇಷಣೆ. 1923ರಲ್ಲಿ ವಿನಿಫ್ರೆಡ್ ಮೆಕೆಂಜಿಯವರೊಂದಿಗೆ ಅದನ್ನು ಬಟಾಟೆ ಬೆಳೆಗೆ ಅನ್ವಯಿಸಿದರು; 1925ರ ಅವರ ಗ್ರಂಥದಿಂದ ಅದು ದೇಶದೇಶಕ್ಕೆ ಹಬ್ಬಿತು.

ತಿರುಳು ಸರಳ. ತಂಡತಂಡಗಳ ನಡುವಿನ ಅಂತರವನ್ನು ತಂಡದೊಳಗಿನ ಚದರಿಕೆಯೊಡನೆ ತೂಗಿ ನೋಡಬೇಕು. ಪ್ರತಿ ತಂಡದಲ್ಲೂ ಅಂಕಗಳು 4ರಿಂದ 20ರವರೆಗೆ ಹರಡಿದ್ದು ಮಕ್ಕಳು ಕೆಲವರೇ ಇದ್ದರೆ ಆ ಅಂತರ ಆಕಸ್ಮಿಕವಿರಬಹುದು. ಎಲ್ಲರ ಅಂಕಗಳೂ ತಮ್ಮ ಸರಾಸರಿಯ ಆಸುಪಾಸಿನಲ್ಲೇ ಇದ್ದರೆ ಕಲಿಸಿದ ಬಗೆಗೆ ಬೆಲೆಯಿದೆ. ಈ ತೂಕದ ಅಂಕೆಗೆ ಫಿಶರರ ಗೌರವಾರ್ಥ ಎಫ್ ಎಂದೇ ಹೆಸರು. ತಂಡಗಳೆಲ್ಲ ಸಮವಲ್ಲವೆಂದಷ್ಟೇ ಅದು ಹೇಳುತ್ತದೆ. ಯಾವುದು ಮೇಲೆಂದು ತಿಳಿಯಲು ಮತ್ತೂ ಪರೀಕ್ಷಿಸಬೇಕು. ಮಕ್ಕಳನ್ನು ಚೀಟಿ ಎತ್ತಿ ತಂಡಗಳಿಗೆ ಹಂಚಬೇಕೆಂಬುದೂ ಫಿಶರರ ಕಟ್ಟಳೆ. ಎರಡನೇ ಮಹಾಯುದ್ಧದ ಬಳಿಕ ಮನಃಶಾಸ್ತ್ರಜ್ಞರಿಗೆ ಗದ್ದೆಯ ಈ ಲೆಕ್ಕವೇ ನಿತ್ಯದ ಉಪಕರಣವಾಯಿತು.

ಕಾಸರಗೋಡಿನಂತೆ ಅಂದು ಮದರಾಸು ಪ್ರಾಂತ್ಯದಲ್ಲಿದ್ದ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾವ್, ಕೇಂಬ್ರಿಜ್‌ನಲ್ಲಿ ಫಿಶರರ ಶಿಷ್ಯರಾಗಿ 1948ರಲ್ಲಿ ಡಾಕ್ಟರೇಟ್ ಪಡೆದು ವಿಶ್ವವಿಖ್ಯಾತರಾದರು.

ಆದರೆ ಗುರುವಿನ ದೋಷಗಳನ್ನು ನಾವು ಮುಚ್ಚಿಡಲಾಗದು. ಮನುಷ್ಯರಲ್ಲಿ ಮೇಲು ತಳಿ, ಕೀಳು ತಳಿ ಎಣಿಸುವ ಸುಪ್ರಜನನ ವಾದವನ್ನು ಅವರು ಎತ್ತಿಹಿಡಿದರು. ಅದರಿಂದಾಗಿಯೇ ಅವರು ಓದಿದ ಕಾಲೇಜು ಅವರ ಸ್ಮಾರಕ ಕಿಟಕಿಯನ್ನು 2020ರಲ್ಲಿ ತೆಗೆಸಿತು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬುದನ್ನೂ 1950ರ ದಶಕದ ಕೊನೆಯಲ್ಲಿ ಅಲ್ಲಗಳೆದರು. ತಂಬಾಕು ಉದ್ಯಮಿಗಳಿಗೆ ಸಲಹೆಗಾರರೂ ಆಗಿದ್ದರು. ಧೂಮಪಾನಿಗಳನ್ನು ಯಾರೂ ಚೀಟಿ ಎತ್ತಿ ಆರಿಸಿಲ್ಲವೆಂಬ ಅವರ ಆಕ್ಷೇಪ ಮೊದಲಿಗೆ ಎಚ್ಚರಿಕೆಯಾಗಿದ್ದರೂ, ನಾನಾ ಕಡೆಯ ಪುರಾವೆಗಳೆದುರು ಹಟವಾಯಿತು. 1962ರ ಜುಲೈ 29ರಂದು ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ತೀರಿಕೊಂಡರು.

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಯಾವ ಮಾಧ್ಯಮದ ಸರಾಸರಿ ಹೆಚ್ಚೆಂದು ನಾವು ತೂಗತೊಡಗುತ್ತೇವೆ. ಆ ಮಕ್ಕಳನ್ನೂ ಯಾರೂ ಚೀಟಿ ಎತ್ತಿ ಹಂಚಿದ್ದಲ್ಲ. ಮನೆಯ ಅನುಕೂಲ, ಓದಿನ ವಾತಾವರಣ ಬೇರೆಬೇರೆ. ಬರಿಯ ಸರಾಸರಿಯೊಂದನ್ನು ನಂಬಿ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವ ಮುನ್ನ ನಾವು ಫಿಶರರ ತಕ್ಕಡಿಯನ್ನು ನೆನೆಯೋಣ. ಅವರ ಹಟವನ್ನು ಮಾತ್ರ ಅನುಸರಿಸದಿರೋಣ.