ಯಾತ್ರಿಕ ಪ್ರಝೆವಾಲ್ಸ್ಕಿ: ಬಾಕಿ ಉಳಿದಿದ್ದ ಒಂದು ಉತ್ತರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಅರ್ಹರಾದ ಹಿರಿಯರು ಇದ್ದಾರೆಂದು ತಿಳಿಸಿ, ಬೇರೊಂದು ವಿಷಯವನ್ನು ಆರಿಸಿಕೊಳ್ಳಲು ಅನುಮತಿ ಬೇಡಿದೆ. ಅದಕ್ಕೆ ಕಾರಣವುಂಟು. ಇಲ್ಲಿ ಸಮಾಜ ಪಾಠ ಕಲಿಸುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಕೊಡಬೇಕಾಗಿದ್ದ ಉತ್ತರವೊಂದು ಇಂದಿಗೂ ಬಾಕಿ ಉಳಿದಿದೆ.

ಸಾವಿರದ ಒಂಬೈನೂರ ತೊಂಬತ್ತರ ದಶಕದ ನಡುವಿನ ಮಾತು. ಕಾಸರಗೋಡಿನ ಪುಸ್ತಕ ಪ್ರದರ್ಶನವೊಂದರಲ್ಲಿ ಅಗ್ಗದ ಬೆಲೆಗೆ ಕೊಂಡಿದ್ದ ಸೋವಿಯತ್ ಅಟ್ಲಾಸೊಂದು ನನ್ನಲ್ಲಿತ್ತು. ತರಗತಿಯ ಗೋಡೆಗೆ ಆ ವರ್ಷವಷ್ಟೇ ಏಷ್ಯಾ ಖಂಡದ ಹೊಸ ಭೂಪಟವನ್ನು ತೂಗುಹಾಕಿದ್ದೆವು. ಒಂಬತ್ತನೆಯ ತರಗತಿಯ ಆ ಹುಡುಗಿ ಎರಡನ್ನೂ ಹೋಲಿಸಿ ನೋಡಿದಳು. ಇಸ್ಸಿಕ್ ಕುಲ್ ಎಂಬ ಸರೋವರದ ಪೂರ್ವದ ಅಂಚಿನಲ್ಲಿರುವ ಪಟ್ಟಣಕ್ಕೆ ಅಟ್ಲಾಸಿನಲ್ಲಿ ಪ್ರಝೆವಾಲ್ಸ್ಕ್ ಎಂಬ ಹೆಸರಿತ್ತು. ಗೋಡೆಯ ಭೂಪಟದಲ್ಲಿ ಕರಕೋಲ್ ಎಂದಿತ್ತು. ಯಾವುದು ಸರಿ ಎಂದು ಆಕೆ ಕೇಳಿದಳು. ತಿಳಿಯದು ಎನ್ನಲು ನನಗೆ ಬಾಯಿ ಬರಲಿಲ್ಲ. ಮುದ್ರಣದ ದೋಷವಿರಬೇಕೆಂದು ಹೇಳಿ ಪಾಠ ಮುಂದುವರಿಸಿದೆ. ಆಕೆ ನಂಬಲಿಲ್ಲವೆಂಬುದು ಅವಳ ಮುಖದಲ್ಲಿಯೇ ಕಾಣುತ್ತಿತ್ತು. ಆ ಬಳಿಕ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಎಲ್ಲಿಯೇ ಇದ್ದರೂ ಆಕೆ ಈ ಸಂಚಿಕೆಯನ್ನು ಓದುವಳೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಉಚ್ಚರಿಸುವಾಗ ನಾಲಿಗೆ ತಡವರಿಸುವ ಆ ಹೆಸರು ಒಬ್ಬ ಮನುಷ್ಯನದು. ನಿಕೊಲಾಯ್ ಮಿಖಾಯ್ಲೊವಿಚ್ ಪ್ರಝೆವಾಲ್ಸ್ಕಿ 1839ರಲ್ಲಿ ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದನು. ತಂದೆ ನಿವೃತ್ತ ಸೇನಾಧಿಕಾರಿ. ಮಗನಿಗೆ ಏಳು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡನು. ತಾಯಿ ಕಟ್ಟುನಿಟ್ಟಿನವಳು. ಸೋದರಮಾವನು ಬಾಲಕನನ್ನು ಕಾಡಿಗೆ ಕರೆದೊಯ್ದು ಬೇಟೆಯನ್ನು ಕಲಿಸಿದನು. ಮರ, ಹಕ್ಕಿ, ಹೆಜ್ಜೆಗುರುತುಗಳ ಪಾಠ ಹೀಗೆ ಶಾಲೆಗೆ ಮೊದಲೇ ಆರಂಭವಾಯಿತು.

ಶಾಲೆಯ ಸಂಚಿಕೆಯಲ್ಲಿ ಹೇಳಬಹುದೋ ಇಲ್ಲವೋ ತಿಳಿಯದು, ಆದರೂ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ಸ್ಮೊಲೆನ್ಸ್ಕ್‌ನ ಶಾಲೆಯಲ್ಲಿ ಓದುತ್ತಿದ್ದಾಗ, ಅಧ್ಯಾಪಕರೊಬ್ಬರ ಮೇಲಿನ ಸಿಟ್ಟಿನಿಂದ ಹುಡುಗರೆಲ್ಲ ಸೇರಿ ತರಗತಿಯ ಅಂಕಪುಸ್ತಕವನ್ನೇ ಇಲ್ಲದಂತೆ ಮಾಡಲು ನಿಶ್ಚಯಿಸಿ ಚೀಟಿ ಎತ್ತಿದರು. ಚೀಟಿ ಬಂದುದು ಪ್ರಝೆವಾಲ್ಸ್ಕಿಯ ಪಾಲಿಗೆ. ಅವನು ಪುಸ್ತಕವನ್ನು ಒಯ್ದು ನೀಪರ್ ನದಿಗೆ ಎಸೆದನು. ಕೆಲವು ದಿನ ಕೂಡಿಹಾಕಿದ ಮೇಲೆ ತಪ್ಪೊಪ್ಪಿಕೊಂಡನು. ಶಾಲೆಯಿಂದ ಹೊರಹಾಕುವುದೆಂದು ತೀರ್ಮಾನವಾದಾಗ ತಾಯಿಯು ಬಂದು, ಹೊರಹಾಕುವುದರ ಬದಲು ಚೆನ್ನಾಗಿ ಬೆತ್ತದ ರುಚಿ ತೋರಿಸಿ ಉಳಿಸಿಕೊಳ್ಳಿರೆಂದು ಬೇಡಿಕೊಂಡಳು. ಹಾಗೆಯೇ ಆಯಿತು. ಅಂದು ಅವನನ್ನು ಹೊರಗಟ್ಟಿದ್ದರೆ ಮಧ್ಯ ಏಷ್ಯಾದ ಭೂಪಟ ಇನ್ನೂ ಕೆಲಕಾಲ ಖಾಲಿಯಾಗಿಯೇ ಉಳಿಯುತ್ತಿತ್ತೇನೋ.

ಹದಿನಾರನೆಯ ವಯಸ್ಸಿನಲ್ಲಿ, ಕ್ರಿಮಿಯಾ ಯುದ್ಧದ ಸುದ್ದಿಗಳಿಂದ ಉತ್ಸಾಹಗೊಂಡು ಸೈನ್ಯವನ್ನು ಸೇರಿದನು. ಅಲ್ಲಿ ಕಂಡ ಕುಡಿತ, ಜೂಜು, ಸೋಮಾರಿತನಗಳು ಅವನಿಗೆ ಬೇಸರ ತರಿಸಿದವು. ದೂರದ ಆಮುರ್ ಪ್ರದೇಶಕ್ಕೆ ವರ್ಗಾವಣೆ ಬೇಡಿದ್ದಕ್ಕೆ ಸಿಕ್ಕಿದ್ದು ಮೂರು ದಿನಗಳ ಬಂಧನ. ಮುಂದೆ ಪೀಟರ್ಸ್‌ಬರ್ಗಿನ ಸೇನಾ ಅಕಾಡೆಮಿಯಲ್ಲಿ ಓದಿ, 1864ರಿಂದ ಎರಡು ವರ್ಷಗಳಿಗೂ ಮೀರಿ ವಾರ್ಸಾದ ಸೈನಿಕ ಶಾಲೆಯಲ್ಲಿ ಭೂಗೋಳ ಹಾಗೂ ಚರಿತ್ರೆಯ ಅಧ್ಯಾಪಕನಾದನು. ಭೂಗೋಳದ ಪಠ್ಯಪುಸ್ತಕವೊಂದನ್ನೂ ಬರೆದನು. ನಾನು ಕಲಿಸುತ್ತಿದ್ದ ಎರಡು ವಿಷಯಗಳೇ ಅವನವೂ ಆಗಿದ್ದವೆಂಬುದನ್ನು ಓದಿದಾಗ, ಅಂದಿನ ನನ್ನ ಉತ್ತರ ಮತ್ತಷ್ಟು ನಾಚಿಕೆ ತರಿಸಿತು. ಅವನು ತಾನು ಪಾಠ ಮಾಡುತ್ತಿದ್ದ ನಾಡನ್ನು ನೋಡಲು ಹೊರಟೇಹೋದನು.

1867ರಿಂದ 1869ರವರೆಗೆ ಉಸ್ಸೂರಿ ನದಿಯ ಕಾಡುಗಳಲ್ಲಿ ಅಲೆದು ಗ್ರಂಥವೊಂದನ್ನು ರಚಿಸಿದನು. ಆ ಯಾತ್ರೆಗೆ ಸರಕಾರದ ನೆರವು ಅಲ್ಪ. ಇಸ್ಪೀಟಿನಲ್ಲಿ ಗೆದ್ದ ಹಣವೂ ಅವನ ಕೈ ಹಿಡಿಯಿತು. ನಿಜವಾದ ಕಾರ್ಯಕ್ಷೇತ್ರ ತೆರೆದುಕೊಂಡದ್ದು 1870ರ ನವೆಂಬರಿನಲ್ಲಿ, ಗಡಿಯ ಕ್ಯಾಖ್ತಾ ಪಟ್ಟಣದಿಂದ ಅವನು ಮಂಗೋಲಿಯಾದತ್ತ ಹೊರಟಾಗ. ತಂಡವೆಂದರೆ ಬೆರಳೆಣಿಕೆಯ ಜನ, ಕೆಲವು ಒಂಟೆಗಳು ಮತ್ತು ಫೌಸ್ಟ್ ಎಂಬ ಬೇಟೆನಾಯಿ. ಪೀಕಿಂಗಿನಿಂದ ಓರ್ಡೋಸ್, ಅಲಶಾನ್ ಮರುಭೂಮಿ, ಕೋಕೋನೋರ್ ಸರೋವರ, ತ್ಸೈದಾಮಿನ ಉಪ್ಪುನೆಲಗಳನ್ನು ದಾಟಿ, 1873ರ ಜನವರಿಯಲ್ಲಿ ಯಾಂಗ್‌ತ್ಸೆ ನದಿಯ ಮೇಲ್ದಂಡೆಯನ್ನು ಮುಟ್ಟಿದರು. ಲಾಸಾ ನಗರ ಒಂದು ತಿಂಗಳ ದಾರಿಯೊಳಗಿತ್ತು. ಹಣ ಮುಗಿದಿತ್ತು, ಒಂಟೆಗಳು ಬಸವಳಿದಿದ್ದವು, ಹಿಂದಿರುಗಬೇಕಾಯಿತು. ಆ ಬೇಸಗೆಯಲ್ಲಿ ಗೋಬಿಯನ್ನು ಅಡ್ಡಹಾಯುವಾಗ ನೀರಿಲ್ಲದೆ ಫೌಸ್ಟ್ ಸತ್ತುಹೋಯಿತು. ಬಂದೂಕಿಗೂ ಹಿಮಕ್ಕೂ ಅಂಜದ ಮನುಷ್ಯ, ನಾಯಿಗೆ ಗುಂಡಿ ತೋಡಿ ಮಗುವಿನಂತೆ ಅತ್ತನು.

ಎರಡನೆಯ ಯಾತ್ರೆ 1876–77ರದು. ತಿಯೆನ್ ಶಾನ್ ಪರ್ವತಗಳನ್ನು ದಾಟಿ, ತಾರಿಮ್ ನದಿಯನ್ನು ಅನುಸರಿಸಿ, ಆ ನದಿ ಮರಳಿನಲ್ಲಿ ಕೊನೆಗೊಳ್ಳುವ ಲೋಪ್ ನೋರ್ ಸರೋವರಕ್ಕೆ ಹೋದನು. ದಕ್ಷಿಣಕ್ಕೆ ಬೃಹತ್ತಾದ ಆಲ್ತಿನ್ ತಾಘ್ ಶ್ರೇಣಿ ಎದ್ದು ನಿಂತಿರುವುದು ಯುರೋಪಿನವರಿಗೆ ತಿಳಿದುದು ಆಗಲೇ. ಕಾಡು ಒಂಟೆಯ ಚರ್ಮಗಳನ್ನು ಮೊದಲಬಾರಿಗೆ ವಿಜ್ಞಾನಿಗಳ ಕೈಗೆ ತಲುಪಿಸಿದನು. ಇಂದು ಸಾಕು ಒಂಟೆಯಿಂದ ಬೇರೆಯೇ ಆದ ಪ್ರಭೇದವೆಂದು ಎಣಿಸಲ್ಪಡುವ ಆ ಪ್ರಾಣಿ ಕಾಡಿನಲ್ಲಿ ಸಾವಿರದ ಆಸುಪಾಸಿನಲ್ಲಷ್ಟೇ ಉಳಿದಿದೆ. ಸರೋವರದ ಅಂಚಿನ ಜೊಂಡಿನಲ್ಲಿ ಲೋಪ್ ಜನರನ್ನು ಕಂಡನು: ಜೊಂಡಿನದೇ ಗುಡಿಸಲು, ಮೀನೇ ಆಹಾರ, ಕಾಡುಗಿಡದ ನಾರಿನಿಂದ ನೇಯ್ದ ಬಟ್ಟೆ. ಜರ್ಮನಿಯ ಭೂಗೋಳತಜ್ಞ ರಿಖ್ತ್‌ಹೋಫೆನ್ ಮಾತ್ರ ಅವನು ಕಂಡುದು ನಿಜವಾದ ಲೋಪ್ ನೋರ್ ಅಲ್ಲವೆಂದು ವಾದಿಸಿದನು. ಚೀನೀ ಭೂಪಟದ ಸರೋವರ ಉಪ್ಪುನೀರಿನದು, ಇನ್ನೂ ಉತ್ತರಕ್ಕಿತ್ತು. ಪ್ರಝೆವಾಲ್ಸ್ಕಿ ಕಂಡುದು ಸಿಹಿನೀರು. ನದಿಯು ಪಾತ್ರ ಬದಲಿಸಿದಂತೆ ಸರೋವರವೂ ಜಾಗ ಬದಲಿಸುತ್ತದೆಂಬುದನ್ನು ಮುಂದೆ ಸ್ವೀಡನ್ನಿನ ಸ್ವೆನ್ ಹೆಡಿನ್ ತೋರಿಸಿಕೊಟ್ಟನು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿದ್ದರು.

ಈಗ ಕುದುರೆಯ ಕಥೆ. 1878ರಲ್ಲಿ ಅಸ್ವಸ್ಥನಾಗಿ ಗಡಿಯ ಝೈಸಾನ್ ಠಾಣ್ಯದಲ್ಲಿದ್ದಾಗ, ಅಲ್ಲಿಯ ಅಧಿಕಾರಿಯೊಬ್ಬನು ಸ್ಥಳೀಯ ಬೇಟೆಗಾರರಿಂದ ದೊರೆತ ಕಾಡುಕುದುರೆಯೊಂದರ ಚರ್ಮವನ್ನೂ ತಲೆಬುರುಡೆಯನ್ನೂ ಅವನಿಗೆ ಕಾಣಿಕೆಯಾಗಿ ಕೊಟ್ಟನು. ಮಾಸಲು ಹಳದಿಗಂದು ಬಣ್ಣ, ನೆಟ್ಟಗೆ ನಿಂತ ಗಿಡ್ಡ ಕೇಸರ, ದಪ್ಪ ತಲೆ. ಪೀಟರ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿ ಪೊಲ್ಯಾಕೊವ್ ಎಂಬ ಪ್ರಾಣಿಶಾಸ್ತ್ರಜ್ಞನು ಅದನ್ನು ಪರಿಶೀಲಿಸಿ, 1881ರಲ್ಲಿ ಯಾತ್ರಿಕನ ಹೆಸರನ್ನೇ ಆ ಪ್ರಭೇದಕ್ಕೆ ಇಟ್ಟನು. ಹೀಗೆ ಅದು ಲೋಕಕ್ಕೆಲ್ಲ ಪ್ರಝೆವಾಲ್ಸ್ಕಿಯ ಕುದುರೆಯಾಯಿತು. ಆದರೆ ಹುಲ್ಲುಗಾವಲಿನ ಜನರಿಗೆ ಅದು ಹೆಸರಿಲ್ಲದ ಪ್ರಾಣಿಯೇನೂ ಆಗಿರಲಿಲ್ಲ. ಮಂಗೋಲರು ಅದನ್ನು ತಾಖಿ ಎನ್ನುತ್ತಿದ್ದರು, ಕಝಾಕರು ಕೆರ್‌ತಾಗಿ ಎನ್ನುತ್ತಿದ್ದರು. ಮಂಜೇಶ್ವರದ ಕೊನೆಗೆ ಒಂದು ಸೊನ್ನೆ ಸೇರಿದರೂ ಮನಸ್ಸು ಚುರ್ರೆನ್ನುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಝೆವಾಲ್ಸ್ಕಿ ಆ ಸ್ಥಳೀಯ ಹೆಸರುಗಳನ್ನು ಕೇಳಿ ಬರೆದಿಟ್ಟಿದ್ದನೆಂಬುದನ್ನೂ ಇಲ್ಲಿ ಹೇಳಬೇಕು.

ಮೂರನೆಯ ಯಾತ್ರೆಯಲ್ಲಿ, 1879ರಲ್ಲಿ, ಝುಂಗಾರಿಯಾದ ಬಯಲಿನಲ್ಲಿ ಅವುಗಳ ಎರಡು ಹಿಂಡುಗಳನ್ನು ಕಂಡನು. ಅವು ಗಾಳಿಯಲ್ಲೇ ಮನುಷ್ಯನ ವಾಸನೆ ಹಿಡಿದು ಓಡಿದುದರಿಂದ ಗುಂಡು ತಾಗಲಿಲ್ಲ. ಆ ಸಲ ಹದಿಮೂರು ಜನರ ತಂಡ ಟಿಬೆಟಿನ ಪ್ರಸ್ಥಭೂಮಿಯನ್ನು ಏರಿತು. ದಾರಿಯಲ್ಲಿ ಯೆಗೊರೊವ್ ಎಂಬ ಸಿಪಾಯಿ ಗಾಯಗೊಂಡ ಕಾಡು ಯಾಕ್‌ನ ಬೆನ್ನುಹತ್ತಿ ಹೋಗಿ ಬೆಟ್ಟಗಳಲ್ಲಿ ಕಳೆದುಹೋದನು; ಸತ್ತನೆಂದೇ ಎಲ್ಲರೂ ಬಗೆದಿರಲು ಐದು ದಿನಗಳ ಮೇಲೆ ಅರೆಜೀವದಲ್ಲಿ ಸಿಕ್ಕಿದನು. ಲಾಸಾಕ್ಕೆ ಸುಮಾರು 250 ಕಿಲೋಮೀಟರು ಇರುವಾಗ ಟಿಬೆಟಿನ ಅಧಿಕಾರಿಗಳು ದಾರಿಗೆ ಅಡ್ಡ ನಿಂತರು. ರಷ್ಯನರು ದಲಾಯಿ ಲಾಮಾರನ್ನು ಹೊತ್ತೊಯ್ಯಲು ಬಂದಿದ್ದಾರೆಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಆ ಮಹಾನಗರವನ್ನು ಅವನು ಕಡೆಗೂ ಕಾಣಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಕಸಿವಿಸಿಯನ್ನೂ ಹೇಳಿಬಿಡಬೇಕು. ಟಿಬೆಟಿನ ಜನರ ಅಂಜಿಕೆ ಪೂರ್ತಿ ಹುಸಿಯಾಗಿರಲಿಲ್ಲ. ಪ್ರಝೆವಾಲ್ಸ್ಕಿ ಸೇನೆಯ ಅಧಿಕಾರಿ. ಅವನು ಅಳೆದ ದಾರಿ, ಎಣಿಸಿದ ಬಾವಿ, ಗುರುತಿಸಿದ ಕಣಿವೆಗಳೆಲ್ಲ ಸೇನಾ ಇಲಾಖೆಗೂ ತಲುಪುತ್ತಿದ್ದವು. ಮಂಗೋಲರ, ಚೀನೀಯರ ವಿಷಯದಲ್ಲಿ ಅವನು ಬರೆದ ಮಾತುಗಳಲ್ಲಿ ತಾತ್ಸಾರ ತುಂಬಿದೆ. ಬಂದೂಕಿನ ಬಲವೊಂದಿದ್ದರೆ ಏಷ್ಯಾವನ್ನು ಗೆಲ್ಲಬಹುದೆಂಬ ದರ್ಪ ಅವನಲ್ಲಿತ್ತು. 1884ರಲ್ಲಿ, ನಾಲ್ಕನೆಯ ಯಾತ್ರೆಯ ವೇಳೆ, ಹಳದಿ ನದಿಯ ಉಗಮದ ಸರೋವರಗಳ ಬಳಿ ತಂಗುತ್‌ ಸವಾರರು ಅವನ ಬಿಡಾರದ ಮೇಲೆರಗಿದಾಗ ಹತ್ತಾರು ಮಂದಿ ಅವನ ತಂಡದ ಗುಂಡಿಗೆ ಬಲಿಯಾದರು. ಪ್ರಾಣಿಗಳನ್ನು ಕೊಂದದ್ದಕ್ಕಂತೂ ಲೆಕ್ಕವಿಲ್ಲ. ತನಗೆ ಹೊಸದೆನಿಸಿದ ಪರ್ವತಗಳಿಗೆ ಹಂಬೋಲ್ಟ್, ರಿಟ್ಟರ್, ಮಾರ್ಕೋ ಪೋಲೋ, ಕೊಲಂಬಸ್ ಎಂದು ಹೆಸರಿಡುತ್ತ ಹೋದನು.

ಇಷ್ಟಾದರೂ ಅವನನ್ನು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಮೂವತ್ತು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಗಲೆಲ್ಲ ನಡೆದು, ರಾತ್ರಿ ಬಿಡಾರದಲ್ಲಿ ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿಯೂ ದಿನಚರಿ ಬರೆಯದೆ ಮಲಗಿದವನಲ್ಲ. ಸುಮಾರು 1,700 ಜಾತಿಯ 15 ಸಾವಿರ ಸಸ್ಯ ಮಾದರಿಗಳು, ಐದು ಸಾವಿರದಷ್ಟು ಹಕ್ಕಿಗಳು, ಏಳುನೂರರಷ್ಟು ಸಸ್ತನಿಗಳು ಅವನ ಸಂಗ್ರಹದಲ್ಲಿದ್ದವು. ತನ್ನ ಸ್ಲೊಬೊದಾ ಎಂಬ ಹಳ್ಳಿಮನೆಯ ಹತ್ತಿರ ಮದ್ಯದ ಕಾರ್ಖಾನೆಯ ಕಚೇರಿಯಲ್ಲಿ ದುಡಿಯುತ್ತಿದ್ದ ಬಡ ಹುಡುಗನೊಬ್ಬನು ರಾತ್ರಿ ಆಕಾಶ ನೋಡುತ್ತ ನಿಂತದ್ದನ್ನು 1882ರಲ್ಲಿ ಕಂಡನು. ಏನು ಯೋಚನೆಯೆಂದು ವಿಚಾರಿಸಿದಾಗ, ಟಿಬೆಟಿನಲ್ಲಿ ಈ ನಕ್ಷತ್ರಗಳು ಇನ್ನೆಷ್ಟು ಹೊಳೆಯುತ್ತಿರಬಹುದೆಂಬ ಯೋಚನೆಯೆಂದು ಹುಡುಗ ತಿಳಿಸಿದನಂತೆ. ಅವನನ್ನು ಮನೆಗೆ ಕರೆತಂದು, ಓದಿಸಿ, ಪರೀಕ್ಷೆಗೆ ಕೂರಿಸಿ, ನಾಲ್ಕನೆಯ ಯಾತ್ರೆಗೆ ಸೇರಿಸಿಕೊಂಡನು. 1908ರಲ್ಲಿ ಮರಳಿನಡಿಯ ಖಾರಾ ಖೋತೋ ನಗರವನ್ನು ಲೋಕಕ್ಕೆ ತೋರಿಸಿದ ಪ್ಯೋತ್ರ್ ಕೊಝ್ಲೊವ್ ಅವನೇ. ಅಧ್ಯಾಪಕನಾಗಿ ನನಗೆ ಈ ಒಂದು ಘಟನೆ ಮೇಲಿನ ಎಲ್ಲ ಅಂಕಿಅಂಶಗಳಿಗಿಂತ ದೊಡ್ಡದಾಗಿ ತೋರುತ್ತದೆ.

1888ರಲ್ಲಿ ಐದನೆಯ ಯಾತ್ರೆಗೆ ಹೊರಟಾಗ ಅವನು ಮೇಜರ್ ಜನರಲ್. ಇಂದಿನ ಬಿಷ್ಕೆಕ್ ಆಗಿರುವ ಪಿಷ್ಪೆಕ್ ಬಳಿ, ಚೂ ನದಿಯ ದಂಡೆಯಲ್ಲಿ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಗಳ ಬೇಟೆಗೆ ಹೋದನು. ಹಿಂದಿನ ಚಳಿಗಾಲದಲ್ಲಿ ಅಲ್ಲಿಯ ಕಿರ್ಗಿಝರ ನಡುವೆ ಜ್ವರದ ಪಿಡುಗು ಹಬ್ಬಿತ್ತು. ಕುದಿಸದ ನೀರನ್ನು ಮುಟ್ಟಬಾರದೆಂದು ಸಂಗಡಿಗರಿಗೆ ಕಟ್ಟಪ್ಪಣೆ ಮಾಡಿದ್ದವನು ತಾನೇ ಬಾಯಾರಿ ಹಸಿನೀರು ಕುಡಿದನು. ಕರಕೋಲ್ ತಲುಪುವಷ್ಟರಲ್ಲಿ ವಿಷಮಶೀತಜ್ವರ ಏರಿತು. 1888ರ ನವೆಂಬರ್ 1ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ಇಸ್ಸಿಕ್ ಕುಲ್ ಸರೋವರದ ದಂಡೆಯಲ್ಲಿ, ಯಾತ್ರೆಯ ಉಡುಪಿನಲ್ಲಿಯೇ ತನ್ನನ್ನು ಹೂಳಬೇಕೆಂದೂ, ಕಲ್ಲಿನ ಮೇಲೆ ಯಾತ್ರಿಕನೆಂಬ ಪದವನ್ನೂ ತನ್ನ ಹೆಸರನ್ನೂ ಮಾತ್ರ ಕೆತ್ತಬೇಕೆಂದೂ ಕೇಳಿಕೊಂಡಿದ್ದನು.

ಪಟ್ಟಣಕ್ಕೆ ತನ್ನ ಹೆಸರಿಡಲು ಅವನು ಕೇಳಿರಲಿಲ್ಲ. ಅದನ್ನು ಚಕ್ರವರ್ತಿಯ ಸರಕಾರ 1889ರಲ್ಲಿ ಮಾಡಿತು. 1894ರಲ್ಲಿ ಸಮಾಧಿಯ ಬಳಿ ಗ್ರಾನೈಟ್ ಬಂಡೆಗಳ ಮೇಲೆ, ಏಷ್ಯಾದ ಭೂಪಟವನ್ನು ಮೆಟ್ಟಿ ನಿಂತ ಕಂಚಿನ ಹದ್ದೊಂದು ಎದ್ದಿತು. ಕ್ರಾಂತಿಯ ಬಳಿಕ 1921ರಲ್ಲಿ ಊರು ಮತ್ತೆ ಕರಕೋಲ್ ಆಯಿತು. 1939ರಲ್ಲಿ, ಜನ್ಮಶತಾಬ್ದಿಯಂದು, ಮತ್ತೆ ಪ್ರಝೆವಾಲ್ಸ್ಕ್. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದು ಕಿರ್ಗಿಸ್ತಾನ ಸ್ವತಂತ್ರವಾದಾಗ ಇನ್ನೊಮ್ಮೆ ಕರಕೋಲ್. ನಮ್ಮ ಹುಡುಗಿ ಕಂಡ ಎರಡು ಭೂಪಟಗಳೂ ತಮ್ಮ ತಮ್ಮ ಕಾಲಕ್ಕೆ ಸರಿಯಾಗಿಯೇ ಇದ್ದವು. ಹೆಸರನ್ನು ತೆಗೆದುಹಾಕಿದ ಕಿರ್ಗಿಝರು ಸಮಾಧಿಯನ್ನಾಗಲಿ ಹದ್ದನ್ನಾಗಲಿ ಕೆಡವಲಿಲ್ಲ. ಎರಡೂ ಇಂದಿಗೂ ಸರೋವರದ ಬಳಿ ಇವೆ.

ಕುದುರೆಯ ಗತಿ ಇನ್ನೂ ವಿಚಿತ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರಿಗಳನ್ನು ಹಿಡಿದು ಯುರೋಪಿನ ಮೃಗಾಲಯಗಳಿಗೆ ಸಾಗಿಸಿದರು. ಕಾಡಿನಲ್ಲಿ ಅದು ಕೊನೆಯದಾಗಿ ಕಾಣಿಸಿಕೊಂಡದ್ದು 1969ರಲ್ಲಿ, ಮಂಗೋಲಿಯಾದ ಝುಂಗಾರಿಯಾ ಗೋಬಿಯಲ್ಲಿ. ಎರಡನೆಯ ಮಹಾಯುದ್ಧದ ಬಳಿಕ ಪ್ರಾಗ್, ಮ್ಯೂನಿಕ್ ಮೃಗಾಲಯಗಳಲ್ಲಿ ಉಳಿದಿದ್ದ ಬೆರಳೆಣಿಕೆಯ ಕುದುರೆಗಳಿಂದಲೇ ವಂಶ ಮುಂದುವರಿಯಿತು. 1992ರಲ್ಲಿ ಅವು ವಿಮಾನದಲ್ಲಿ ಮಂಗೋಲಿಯಾಕ್ಕೆ ಮರಳಿದವು. 2024ರ ಜೂನಿನಲ್ಲಿ ಪ್ರಾಗ್ ಮತ್ತು ಬರ್ಲಿನ್‌ಗಳಿಂದ ಏಳು ಕುದುರೆಗಳು ಕಝಾಕಸ್ತಾನದ ಹುಲ್ಲುಗಾವಲಿಗೆ ಬಂದಿಳಿದವು. ಮಂಗೋಲಿಯಾದ ಜನ ಅವುಗಳನ್ನು ಇಂದಿಗೂ ತಾಖಿ ಎಂದೇ ಕರೆಯುತ್ತಾರೆ.

ಆ ಹಳೆಯ ಅಟ್ಲಾಸನ್ನು ಮೊನ್ನೆ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಇಸ್ಸಿಕ್ ಕುಲ್ ಸರೋವರದ ಪುಟದಲ್ಲಿ ಪ್ರಝೆವಾಲ್ಸ್ಕ್ ಎಂದು ಅಚ್ಚಾಗಿರುವಲ್ಲಿ, ಅದರ ಪಕ್ಕಕ್ಕೆ, ಕರಕೋಲ್ ಎಂದು ಪೆನ್ಸಿಲಿನಿಂದ ಬರೆದು, ನಾಲ್ಕು ಇಸವಿಗಳನ್ನೂ ಗುರುತಿಸಿಟ್ಟಿದ್ದೇನೆ.